ತೂತಿನ ಬಾಬ್ತು

ಮೊದಲು ಬಂದವನು ಡ್ವೇನ್ ಲುಂಡ್‌ಕ್ವಿಸ್ಟ್.
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ
ಟೇಪು ಎಳೆದ, ಬಿಟ್ಟ, ಮತ್ತೆ ಎಳೆದ,
ನನಗಲ್ಲ, ಗೋಡೆಗೆ ಹೇಳುವಂತೆ ಹೇಳಿದ:
ಅಡಿಗೆ ಅರವತ್ತೆಂಟು ಡಾಲರು.

ಅಡಿಗೆ ಎಂದರೆ ನನಗೆ ಗೊತ್ತಿದ್ದದ್ದು ಬೇರೆ.
ಮೂವತ್ತೊಂದು ವರ್ಷ ಇದೇ ಕಟ್ಟೆಯ ಮೇಲೆ
ಸರೋವರದ ಮೀನು ಸೀಳಿದ್ದೇನೆ,
ಚರ್ಚಿನ ಊಟಕ್ಕೆ ಹಿಟ್ಟು ನಾದಿದ್ದೇನೆ.
ಆ ಅಡಿಗೆಗೆ ಈವರೆಗೆ ಯಾರೂ ದರ ಕೇಳಿರಲಿಲ್ಲ.

ಅರವತ್ತೆಂಟು ಎಂದರೆ ಅರವತ್ತೆಂಟೂ ಅಲ್ಲ.
ಅದು ಕಲ್ಲಿನ ಮೈಗೆ ಮಾತ್ರ.
ಅಂಚು ದುಂಡಗಾಗಿಸಿದರೆ ಒಂದು ಲೆಕ್ಕ,
ಬೇಡವೆಂದರೂ ಚೂಪು ಒರೆಸಲು ಇನ್ನೊಂದು.
ಹಳೆಯದನ್ನು ಕೀಳಲು, ಕಿತ್ತದ್ದನ್ನು ಒಯ್ಯಲು,
ಒಯ್ದದ್ದನ್ನು ಎಸೆಯಲು...
ನಮ್ಮ ಡುಲೂತ್‌ನಲ್ಲಿ ಹೆಣ ಹೂಳುವುದಕ್ಕೂ
ಇಷ್ಟು ಬಾಬ್ತು ಹಚ್ಚುವುದಿಲ್ಲ.

ಎರಡನೆಯದು ಹೆದ್ದಾರಿ ಪಕ್ಕದ ಶೋರೂಮು.
ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಹುಡುಗಿ
ಕಲ್ಲಿನ ಹೆಸರು ಹೇಳಿಕೊಟ್ಟಳು:
ಇದು ಬಿರುಗಾಳಿ, ಇದು ಮಂಜಿನ ಮುಂಜಾವು.
ಬಿರುಗಾಳಿ, ಮಂಜು ಎರಡೂ
ನನ್ನ ಕಿಟಕಿಯಾಚೆ ಬಿಟ್ಟಿ ಬಿದ್ದಿವೆ, ತಾಯಿ.
ಅಂಗೈಯಗಲದ ತುಂಡು ತೋರಿಸಿ ಆರಿಸಿ ಅಂದಳು,
ಉಗುರು ನೋಡಿ ಗಂಡನನ್ನು ಆರಿಸಿದ ಹಾಗೆ.
(ಅದನ್ನೂ ಒಮ್ಮೆ ಮಾಡಿದ್ದಾಗಿದೆ.)
ಸಂಜೆಯೊಳಗೆ ಸಹಿ ಮಾಡಿದರೆ ಸಿಂಕು ಉಚಿತ.
ಸಂಜೆ ಇಲ್ಲಿ ನಾಲ್ಕೂವರೆಗೇ ಆಗುತ್ತದೆ.
ಕತ್ತಲಾಗುವ ತನಕ ಪಾರ್ಕಿಂಗಿನಲ್ಲಿ ಕೂತಿದ್ದು
ಸಹಿ ಮಾಡದೆ ಮನೆಗೆ ಬಂದೆ.

ಮೂರನೆಯವನು ಸೇತುವೆಯಾಚೆ, ತಗಡಿನ ಶೆಡ್ಡಿನಲ್ಲಿ.
ಎಮಿಲಿಯೊ ಬಾಕಾ.
ಯಾವುದೋ ಬ್ಯಾಂಕಿನ ಕೆಲಸದಲ್ಲಿ ಮಿಕ್ಕ ಹಲಗೆ,
ಬೂದು ಬಣ್ಣ, ಹೆಸರಿಲ್ಲ.
ತೆಳು ಪಟ್ಟಿ ಅಂಟಿಸಿ ಅಚ್ಚು ತೆಗೆಯುತ್ತ ಅಂದ:
"ನಿಮ್ಮ ಗೋಡೆ ಸೊಟ್ಟ, ಮಿಸೆಸ್ ಹಿಲ್ಟುನೆನ್."
ಅದಕ್ಕೆಷ್ಟು, ಕೇಳಿದೆ.
"ಅದಕ್ಕೇನೂ ಇಲ್ಲ. ನೆಟ್ಟಗಿನ ಗೋಡೆ ನಾನಿನ್ನೂ ನೋಡಿಲ್ಲ."

ಆಮೇಲೆ ಚೀಟಿ ಬಂತು.
ಕೊನೆಯ ಸಾಲು: ಸಿಂಕಿನ ತೂತು, ಇನ್ನೂರ ಹತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ತೂತಿನ ಜಾಗವನ್ನೂ ಅಡಿಯಲ್ಲಿ ಎಣಿಸಿದ್ದಾನೆ.
ಇಲ್ಲದ ಕಲ್ಲಿಗೂ ದುಡ್ಡು,
ಇಲ್ಲವಾಗಿಸಿದ್ದಕ್ಕೂ ದುಡ್ಡು!
ಸೇತುವೆ ದಾಟಿ ಹೋಗಿ ಚೀಟಿ ಅವನ ಮುಂದಿಟ್ಟೆ.

ಅವನು ಗರಗಸ ನಿಲ್ಲಿಸಿದ.
ಹುಬ್ಬಿನ ಮೇಲೆಲ್ಲ ಒದ್ದೆ ಕಲ್ಲಿನ ಹಿಟ್ಟು.
"ನೆಟ್ಟಗೆ ಕೊಯ್ಯುವುದು ಯಾರ ಕೈಯಿಂದಲೂ ಆದೀತು.
ಹಲಗೆ ಒಡೆಯುವುದು ತೂತಿನ ಮೂಲೆಯಲ್ಲಿ.
ಅಲ್ಲಿ ಉಸಿರು ಹಿಡಿದು ನಿಂತಿರುತ್ತೇನೆ.
ಇನ್ನೂರ ಹತ್ತು ಆ ಉಸಿರಿಗೆ."

ಜಗಳಕ್ಕೆಂದು ಕಟ್ಟಿಕೊಂಡು ಬಂದ ಮಾತು
ಬಾಯಲ್ಲೇ ಕರಗಿತು, ಪೂರ್ತಿ ಅಲ್ಲ.
"ಸರಿ, ಹಾಗಾದರೆ ತೂತಿನಿಂದ ಬಂದ ಕಲ್ಲು ನನ್ನದು."

ಅವನು ನಕ್ಕ. ಹತ್ತೊಂಬತ್ತು ವರ್ಷದಲ್ಲಿ
ಕೇಳಿದವರು ನೀವೊಬ್ಬರೇ ಎಂದು
ಶೆಡ್ಡಿನ ಹಿಂದಕ್ಕೆ ಕರೆದೊಯ್ದ.
ಅಲ್ಲಿ ಯಾರ್ಯಾರದೋ ಮನೆಯ ತೂತುಗಳು
ಸಾಲಾಗಿ ಬೇಲಿಗೆ ಒರಗಿ
ಹಿಮ ಹೊದ್ದು ನಿಂತಿದ್ದವು,
ಬೇಸನ್ನಿನದು, ಒಲೆಯದು, ಒಂದು ದುಂಡಗಿನದು.
"ಬೇಕಾದರೆ ಇನ್ನೆರಡು ಒಯ್ಯಿರಿ."
ಬಿಟ್ಟಿಯೇ?
"ಎತ್ತುವುದು ನಿಮ್ಮ ಬಾಬ್ತು."

ಒಂದೊಂದೂ ಅರವತ್ತು ಪೌಂಡು.
ಕೊನೆಗೆ ಇಬ್ಬರೂ ಸೇರಿಯೇ ಎತ್ತಿ
ನನ್ನ ಪಿಕಪ್ಪಿನ ಹಿಂದಿನ ಚಕ್ರದ ಮೇಲೆ ಹೇರಿದೆವು.
ಉಳಿದವರು ಚಳಿಗಾಲಕ್ಕೆ ಮರಳುಚೀಲ ಹೇರುತ್ತಾರೆ.

ಮೊನ್ನೆ ನಮ್ಮ ಬೀದಿಯ ಏರಿನಲ್ಲಿ,
ನೀರೆಲ್ಲ ಗಾಜಾಗಿದ್ದ ಬೆಳಿಗ್ಗೆ,
ಡ್ವೇನನ ವ್ಯಾನು ಅಡ್ಡಡ್ಡ ಜಾರಿ ಕಂಬ ತಬ್ಬಿತ್ತು.
ನಾನು ಎರಡನೇ ಗೇರಿನಲ್ಲಿ ನಿಧಾನ ಹತ್ತಿದೆ.
ಹಿಂದೆ ಮೂರು ತೂತು,
ಒಂದರದ್ದು ಮಾತ್ರ ಹಣ ಕೊಟ್ಟದ್ದು,
ಗಟ್ಟಿ ಕೂತು ನೆಲ ಹಿಡಿದಿದ್ದವು.

ಪಾತ್ರೆ ಇನ್ನೂ ಸ್ನಾನದ ತೊಟ್ಟಿಯಲ್ಲೇ ತೊಳೆಯುತ್ತೇನೆ.
ನಲ್ಲಿ ಜೋಡಿಸುವುದು ಬೇರೆ ಬಾಬ್ತಂತೆ,
ಅವನು ಗುರುವಾರ ಬರುತ್ತಾನಂತೆ.
ಯಾವ ಗುರುವಾರ ಎಂದು ಹೇಳಿಲ್ಲ.