ಹನ್ನೆರಡನೆಯ ಕಲ್ಲು

ವಿರಾಜಪೇಟೆ ಕೋರ್ಟಿನ ಕಟಕಟೆಯ ಮರ
ಸವೆದು ನುಣ್ಣಗಾಗಿದೆ.
ನನಗಿಂತ ಮೊದಲು ಹಿಡಿದವರ ಬೆವರು
ಎಂದುಕೊಂಡು ನಾನೂ ಹಿಡಿದೆ.

"ಅಗ್ನಿ ಇತ್ತೇ?" ಅವನ ವಕೀಲರು ಕೇಳಿದರು.
ಇರಲಿಲ್ಲ.
"ಸಪ್ತಪದಿ?"
ಇಲ್ಲ.
"ಪುರೋಹಿತರು?"
ನಮ್ಮಲ್ಲಿ ಕರೆಯುವುದಿಲ್ಲ ಸ್ವಾಮಿ.
"ಹಾಗಾದರೆ ಯಾವ ಮದುವೆಯಮ್ಮ ಆದದ್ದು?"
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ದೀಪ ಇತ್ತು, ಅಂದೆ. ಅಕ್ಕಿ ಇತ್ತು, ಕಿಂಡಿಯಲ್ಲಿ ಹಾಲಿತ್ತು.
ಎರಡು ಕಡೆಯ ಅರುವರು ಎದುರುಬದುರು ನಿಂತು
ಮನೆ, ಗದ್ದೆ, ದನ, ಕೊಟ್ಟಿಗೆ, ಒಂದೊಂದರ ಹೆಸರು ಹೇಳಿ
ಇವಳಿಗೆ ಹಕ್ಕುಂಟೋ ಎಂದರು. ಉಂಟು ಎಂದರು.
ಹನ್ನೆರಡು ಹರಳುಕಲ್ಲು.
ಹನ್ನೊಂದು ನನ್ನ ವಸ್ತ್ರದ ತುದಿಗೆ ಕಟ್ಟಿದರು,
ಒಂದು ತವರಿಗೆ ಉಳಿಯಿತು.

ಟೈಪಿಸ್ಟ್ ತಲೆಯೆತ್ತಿ
"ಕಲ್ಲು ಅಂತಲೇ ಹೊಡೆಯಲಾ ಸಾರ್?" ಅಂದಳು.
ಸಾಹೇಬರು ಸ್ವಲ್ಪ ಹೊತ್ತು ಕಿಟಕಿ ನೋಡಿ
"ಕಲ್ಲು ಅಂತಲೇ" ಅಂದರು.

ಅವನು ಅಲ್ಲಿ, ಫ್ಯಾನಿನ ಕೆಳಗೆ.
ಕಳೆದ ಮಳೆಗಾಲದಿಂದ ಅವನು ಉತ್ತಯ್ಯ ಅಲ್ಲವಂತೆ.
ಹೊಸ ಹೆಸರು ವಕಾಲತ್ತಿನಲ್ಲಿದೆ.
ಜವಾನ ಅದನ್ನು ಎರಡು ಸಲ ಕೂಗಬೇಕಾಯಿತು
ಕರೆದದ್ದು ತನ್ನನ್ನೇ ಎಂದು ಅವನಿಗೆ ತಿಳಿಯಲು.

ರೇಷನ್ ಕಾರ್ಡಿನಲ್ಲಿ ಉತ್ತಯ್ಯ.
ಕಾಫಿ ಬೋರ್ಡಿನಲ್ಲಿ ಉತ್ತಯ್ಯ.
ಕೋವಿಯ ವಿನಾಯಿತಿ ಪತ್ರದಲ್ಲೂ ಉತ್ತಯ್ಯ.
ಕೋವಿಗೆ ಒಂದು ಹೆಸರು, ಹಾಸಿಗೆಗೆ ಇನ್ನೊಂದು.
ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ
ಎಲ್ಲರಿಗಿಂತ ದೊಡ್ಡ ಕೂಗು ಅವನದೇ.
ಗದ್ದೆಯಲ್ಲಿದ್ದ ನಲವತ್ತು ಮಂದಿಗೆ ಅದು ಕೇಳಿಸಿಲ್ಲವಂತೆ.
ಅವನ ಅಣ್ಣನಿಗೂ.

ಸಾಕ್ಷಿಗೆ ಬಂದವರು ಒಬ್ಬರೇ,
ಮಸೀದಿಯ ರಿಜಿಸ್ಟರ್ ಬರೆಯುವ ಪೋಕುಟ್ಟಿ ಹಾಜಿ.
ನಮ್ಮ ಹಾಗೇ ಮನೆಹೆಸರು ಇರುವವರು,
ಬೈಯುವಾಗಲೂ ಕೊಡವತಕ್ಕಿನಲ್ಲೇ ಬೈಯುವವರು.
ಕನ್ನಡಕ ಮರೆತಿದ್ದರು. ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು:
"ಹೆಂಡತಿ ಉಂಟೋ ಎಂದು ಕೇಳಿದ್ದೆ. ಇಲ್ಲ ಎಂದು ಬರೆಸಿದ್ದಾನೆ.
ಸೋಮವಾರ ಕಲಿಮಾ. ಬುಧವಾರ ನಿಕಾಹ್.
ಆಮೇಲೆ ಒಂದು ಶುಕ್ರವಾರವೂ
ಅವನ ಚಪ್ಪಲಿ ನಮ್ಮ ಮೆಟ್ಟಿಲ ಹತ್ತಿರ ಕಂಡಿಲ್ಲ."

"ಒಬ್ಬನ ಎದೆಯೊಳಗಿನ ನಂಬಿಕೆ
ನಿಮಗೆ ಹೇಗೆ ಗೊತ್ತು ಹಾಜಿಯವರೇ?"

"ಗೊತ್ತಿಲ್ಲ. ಅದು ಮೇಲಿನವನ ಲೆಕ್ಕ.
ನನಗೆ ಗೊತ್ತಿರುವುದು ಚಪ್ಪಲಿ."

ಯಾರೂ ನಗಲಿಲ್ಲ ಈ ಸಲ.
ನಮ್ಮ ವಕೀಲರು ಕಿವಿಯಲ್ಲಿ ಹೇಳಿದರು:
ನಾನೂರ ತೊಂಬತ್ತನಾಲ್ಕು ಗಟ್ಟಿಯಾಗಿ ಕೂರುತ್ತದೆ,
ಹೊಸ ದೇವರು ಬಂದು ಹಳೆಯ ಗಂಟು ಬಿಚ್ಚುವುದಿಲ್ಲ.
ಮದುವೆ ಮದುವೆಯೇ ಎಂದು ಮಾತ್ರ ತೋರಿಸಬೇಕು,
ಆ ಕಲ್ಲುಗಳಿದ್ದರೆ ತನ್ನಿ.

ಜಗಲಿಯಲ್ಲಿ ಅವಳು, ಪಾಲಿಬೆಟ್ಟದ ತಾರಾಮಣಿ.
ಆ ಬುಧವಾರಕ್ಕಾಗಿ ಅವಳೂ ಹೆಸರು ಬದಲಿಸಿದ್ದಳು.
ಕುತ್ತಿಗೆಯಲ್ಲಿ ಸರ ಇತ್ತೋ ಇಲ್ಲವೋ, ನೋಡಬಾರದೆಂದು ನೋಡಿದೆ.
ಎದ್ದು ನನ್ನ ಹತ್ತಿರವೇ ಬಂದಳು.
ನೀವು ಗೆದ್ದರೆ ನಾನು ಯಾರು
ಎಂದು ಕೇಳುತ್ತಾಳೆಂದು ಉತ್ತರ ಹುಡುಕುತ್ತಿದ್ದೆ.
"ಇಲ್ಲಿ ಕುಡಿಯುವ ನೀರು ಎಲ್ಲಿ?" ಎಂದಳು.
ತೋರಿಸಿದೆ.

ಹನ್ನೊಂದು ನನ್ನ ಹಾರ್ಲಿಕ್ಸ್ ಡಬ್ಬಿಯಲ್ಲಿವೆ,
ಅಂಗನವಾಡಿಯ ಮಕ್ಕಳಿಗೆ ಎಣಿಕೆ ಕಲಿಸಲೂ
ತೆಗೆದವಳಲ್ಲ.
ಉಳಿದ ಒಂದಕ್ಕೆ ಸಂಜೆ ಬಸ್ಸಿಗೆ ಚೆಯ್ಯಂಡಾಣೆಗೆ ಹೋದೆ.

ಅಣ್ಣ ಒಳ್ಳೆ ಮೆಣಸು ತುಂಬುತ್ತಿದ್ದ.
"ಕಲ್ಲೇ? ಯಾವ ಕಲ್ಲು?
ಆ ರಾತ್ರಿಯೇ ಯಾರೋ ಅಂಗಳಕ್ಕೆ ಎಸೆದಿರಬೇಕು ಮಾರಾಯ್ತಿ."

ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತೆ.
ಅತ್ತಿಗೆ ಒಳಗಿನಿಂದ, ಕಾಫಿ ಆರುತ್ತಿದೆ ಅಂದಳು.
ಅಂಗಳದ ತುಂಬ ಕಲ್ಲು.
ಒಂದನ್ನು ಎತ್ತಿ ಸೆರಗಿನಲ್ಲಿ ಒರೆಸಿದೆ. ತಣ್ಣಗಿತ್ತು.
ಇಟ್ಟೆ.
ಇನ್ನೊಂದನ್ನು ಎತ್ತಿದೆ.