ಚೆಕ್ಕುಬಂದಿ

ಮಾನ್ವಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ತಗಡಿನ ನೆರಳಲ್ಲಿ, ಎರಡು ದಸ್ತಾವೇಜುಗಳ ನಡುವೆ
ಒಬ್ಬ ಫ್ರೆಂಚ್ ಮಂತ್ರಿಯನ್ನು ತಿದ್ದುತ್ತಿದ್ದೇನೆ.

ಹೆಸರು ಅರ್ಮಾನ್ ವಾಲ್ಕೂರ್.
ಕೇಳಿದರೆ ದೇವದುರ್ಗದ ಕಡೆಯ ಯಾವುದೋ ಹಳ್ಳಿಯಂತಿದೆ.
ವಿಶ್ವಕೋಶದ ಹದಿಮೂರನೆಯ ಸಂಪುಟ, 'ವ' ಅಕ್ಷರ,
ಎರಡೂವರೆ ಪುಟದ ಕರಡು.
ಧಾರವಾಡದಲ್ಲಿ ಜೊತೆಗೆ ಇತಿಹಾಸ ಓದಿದ ಶರಭಣ್ಣ ಕಳಿಸಿದ್ದಾನೆ:
"ನಿಖರವಾಗಿರಲಿ. ಪರವೂ ಬೇಡ, ವಿರುದ್ಧವೂ ಬೇಡ.
ಪುಟಕ್ಕೆ ನೂರಾ ನಲವತ್ತು."

ಮೊದಲು ಹೋದದ್ದು 'ಮಹಾನ್'.
ಅದರ ಬೆನ್ನಿಗೇ 'ಧೀಮಂತ', ಮುಂದಿನ ಪ್ಯಾರಾದ 'ಕುಟಿಲ'.
ಹೊಗಳಿದವನಿಗೂ ಬೈದವನಿಗೂ ಒಂದೇ ಕೆಂಪು ಗೆರೆ.
'ದುರದೃಷ್ಟವಶಾತ್' ಎಂಬಲ್ಲಿ ಅಂಚಿಗೆ ಕೇಳಿದೆ: ಯಾರ ಅದೃಷ್ಟ?

ಹುಟ್ಟಿದ ವರ್ಷ ಎರಡಿವೆ. ಚರ್ಚಿನ ದಫ್ತರದಲ್ಲಿ ಒಂದು,
ಗೋರಿಕಲ್ಲಿನ ಮೇಲೆ ಇನ್ನೊಂದು. ಎರಡನ್ನೂ ಇಟ್ಟೆ.
ನಮ್ಮಲ್ಲೂ ಶಾಲೆಯ ಹುಟ್ಟು ಬೇರೆ, ಅವ್ವ ಹೇಳುವ ಹುಟ್ಟು ಬೇರೆ:
"ಹೊಳಿ ತುಂಬಿ ಬಂದ ವರ್ಷ, ಜ್ವಾಳ ತೆನಿ ಹಿಡಿದಿದ್ವು."
ಮಂಡಾಳ ವಗ್ಗರಣಿ ತಿಂದ ಬೆರಳು ತಾಗಿ
ಗೋರಿಕಲ್ಲಿನ ವರ್ಷಕ್ಕೆ ಎಣ್ಣೆ ಹತ್ತಿತು;
ಅದನ್ನು ನನ್ನ ಅಭಿಪ್ರಾಯವೆಂದು ತಿಳಿಯಬಾರದು.

ನನಗೆ ಗೊತ್ತಿರುವ ವಿದ್ಯೆ ಚೆಕ್ಕುಬಂದಿ.
ಪೂರ್ವಕ್ಕೆ ಹುಸೇನಪ್ಪನ ಹೊಲ, ಪಶ್ಚಿಮಕ್ಕೆ ಕಾಲುವೆ,
ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಹಳ್ಳ.
ನಡುವೆ ಇರುವುದು ಚಲೋ ಮಣ್ಣೋ ಸವುಳೋ
ಪತ್ರ ಹೇಳುವುದಿಲ್ಲ.
ಮನುಷ್ಯನಿಗೂ ಹಾಗೇ ನಾಲ್ಕು ಗಡಿ ಬರೆದು
ಒಳಗೆ ಕಾಲಿಡದೆ ಬಂದುಬಿಡಬೇಕು ಅಂದುಕೊಂಡಿದ್ದೆ.

ಎರಡನೆಯ ಪುಟ:
'ಆ ವಸಾಹತಿನಲ್ಲಿ ದಂಗೆಯನ್ನು ಅಡಗಿಸಲಾಯಿತು.'
ಅಡಗಿಸಿದವರು?
ಕರ್ತೃವಿಲ್ಲದ ಪತ್ರವನ್ನು ನಮ್ಮ ಸಾಹೇಬರು ಮುಟ್ಟುವುದಿಲ್ಲ.
ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು,
ತಂದೆಯ ಹೆಸರು, ವಯಸ್ಸು, ಕಸುಬು, ಸಾಕಿನ್.
ಅಡಿಟಿಪ್ಪಣಿಯಲ್ಲಿ ಹೂತಿದ್ದನ್ನು ಮೇಲೆ ತಂದು ಬರೆದೆ:
'ವಾಲ್ಕೂರನ ಆದೇಶದಂತೆ ಸೈನಿಕರು ಗುಂಡು ಹಾರಿಸಿದರು.
ಸತ್ತವರು ಸರ್ಕಾರದ ಲೆಕ್ಕದಲ್ಲಿ ಹದಿನೇಳು,
ಊರವರ ಲೆಕ್ಕದಲ್ಲಿ ಇನ್ನೂರಕ್ಕೆ ಮೇಲ್ಪಟ್ಟು.'
ವಿಶೇಷಣ ಒಂದೂ ಬೇಕಾಗಲಿಲ್ಲ.

ಕೊನೆಯ ಪುಟದಲ್ಲಿ ಪೆನ್ನು ನಿಂತಿತು.
'ಸ್ವಸಂತೋಷದಿಂದ ಪದವಿ ತ್ಯಜಿಸಿದನು.'

ಸ್ವಸಂತೋಷದಿಂದ.
ಇಪ್ಪತ್ತಾರು ವರ್ಷ, ದಿನಕ್ಕೆ ನಾಲ್ಕು ಸಲವಾದರೂ
ನನ್ನ ಕೈಯಿಂದಲೇ ಹೊರಟ ಪದ:
'ಯಾರ ಒತ್ತಾಯ, ಪ್ರೇರಣೆ ಇಲ್ಲದೆ, ಸ್ಥಿರಬುದ್ಧಿಯಿಂದ,
ಸ್ವಸಂತೋಷದಿಂದ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ.'
ಬಿಟ್ಟವರು ಅಕ್ಕತಂಗಿಯರು, ಪಡೆದವರು ಅಣ್ಣತಮ್ಮಂದಿರು.
ತೊಡೆಯ ಮೇಲೆ ಘಡಿ ಬಿಚ್ಚದ ಸೀರೆ,
ಹೆಬ್ಬೆರಳಿಗೆ ನೀಲಿ ಮಸಿ.

ನಮ್ಮ ಅಂಬಮ್ಮಕ್ಕನೂ ಈ ಬೆಂಚಿನ ಮೇಲೆ ಕೂತಿದ್ದಳು.
ಎರಡೆಕರೆ ಹನ್ನೆರಡು ಗುಂಟೆ.
ಬರೆದವನು ನಾನೇ. ಬರೆಸಿಕೊಂಡವನೂ ನಾನೇ.
"ಓದಿ ಹೇಳಪಾ" ಅಂದಳು. ಓದಿದೆ.
ಆ ಪದ ಬಂದಾಗ ತಲೆಯೆತ್ತಿ ನೋಡಿ
"ಅದನ್ನೂ ಬರದೀಯೇನು?" ಅಂದಳು,
ಹೆಬ್ಬೆರಳು ಮುಂದೆ ಮಾಡಿದಳು.

ವಾಲ್ಕೂರನ ಸಾಲಿನ ಪಕ್ಕದಲ್ಲಿ ಬರೆದೆ: ಆಧಾರ ಬೇಕು.
ಸಿಗದಿದ್ದರೆ 'ಪದವಿ ತ್ಯಜಿಸಿದನು', ಅಷ್ಟೇ ಸಾಕು.
ಶರಭಣ್ಣನಿಗೆ ಒಂದು ಪದದ ಜಾಗ ಉಳಿಯಿತು.

ಆಗಲೇ ಮುಂದಿನ ಗಿರಾಕಿ: ಮೂವರು ಗಂಡಸರು,
ಅವರ ಹಿಂದೆ ಒಬ್ಬಾಕೆ, ಕೈಯಲ್ಲಿ ಆಧಾರ್ ಕಾರ್ಡು.
ನಮೂನೆಯಲ್ಲಿ ಆ ಪದ ಮೊದಲೇ ಅಚ್ಚಾಗಿರುತ್ತದೆ.
"ಕುಂದರ್ರಿ. ಹೆಸರು ಹೇಳವ್ವ" ಅಂದೆ.
ಅಣ್ಣ ಹೇಳಿದ.
ನಾನು ಪೆನ್ನೆತ್ತಿ ಹಿಡಿದು
ಆಕೆಯ ಬಾಯನ್ನೇ ನೋಡುತ್ತ ಕೂತೆ.