ಅರವತ್ತೈದರ ಒಳಗೆ

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ
ಪಾರ್ಸೆಲು ತೂಗಿದ ಕೈ ಇದು.
ಅದಕ್ಕೇ ಸುಮೋ ಒಕ್ಕೂಟದವರು ಕರೆದರು:
ಬೊಗ್ನಾ, ತಕ್ಕಡಿಗೆ ನೀನೇ ಸರಿ.
ಕ್ರೊತೊಷಿನ್ನಿನ ಶಾಲೆ. ಹೊರಗೆ ಅಕ್ಟೋಬರಿನ ಚಳಿ,
ಒಳಗೆ ಇಪ್ಪತ್ತೇಳು ದೇಶಕ್ಕೆ ಒಂದೇ ಬಚ್ಚಲು.

ಇಲಿಂಕಾ ಬಂದಳು ಮೊಲ್ದೋವಾದಿಂದ,
ಎರಡು ರಾತ್ರಿ ಬಸ್ಸಿನಲ್ಲಿ.
ಅವಳಿಗಿಂತ ಮೊದಲೇ ಬಂದಿದ್ದವು ಎರಡು ಪತ್ರ.
ಬುರ್ಲಾಕು ಬರೆದದ್ದು, ನಾನೇ ಅಧ್ಯಕ್ಷ.
ಟೋನು ಬರೆದದ್ದು, ನಾನೇ.
ಎರಡಕ್ಕೂ ದುಂಡು ಮೊಹರು. ಮೊಹರು ನನಗೆ ಗೊತ್ತು,
ಒಂದರ ಮಸಿ ಇನ್ನೂ ಬೆರಳಿಗೆ ಹತ್ತುತ್ತಿತ್ತು.
ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಮೇಲೆ, ಭೂಗೋಳದ ಕೋಣೆಯಲ್ಲಿ ಮಹಾಸಭೆ.
ಮಕ್ಕಳ ಬೆಂಚಿಗೆ ಹಿಡಿಸದ ಹಳೆಯ ಮಲ್ಲರು
ಮಂಡಿ ಮಡಚಿ ನಿಯಮಾವಳಿ ತಿರುವುತ್ತಾರೆ.
ಚಂದಾ ಕಟ್ಟದವರಿಗೆ ಮತವಿಲ್ಲ;
ಕಟ್ಟಿದ್ದಾರಲ್ಲ, ಇಬ್ಬರೂ!
ಎತ್ತು ಏರಿಗೆ, ಕೋಣ ನೀರಿಗೆ.
ಟೋಕಿಯೊದ ನಿಶಿವಾಕಿಯವರು ತಲೆಬಾಗಿ ಅಂದರು,
ಉಪಸಮಿತಿಗೆ ಹೋಗಲಿ.
ಅದು ಭಾಷಾಂತರವಾಗುವಷ್ಟರಲ್ಲಿ ಚಹಾ ಬಂತು.
ಒಲಿಂಪಿಕ್ಸಿನ ಕದ ತಟ್ಟಬೇಕಾದರೆ
ಹೆಣ್ಣುಮಕ್ಕಳು ಬೇಕೇ ಬೇಕು, ಎಂದರು ಯಾರೋ.

ಹೆಣ್ಣುಮಗಳು ಕೆಳಗಿದ್ದಳು.
ಮುಂಜಾನೆ ಅರವತ್ತೈದು ಕಿಲೋ ಇನ್ನೂರು.
ಪ್ಲಾಸ್ಟಿಕ್ ಜಾಕೆಟು ತೊಟ್ಟು ಮೈದಾನ ಸುತ್ತಿದಳು,
ಬಕೆಟ್ಟಿಗೆ ಉಗುಳಿದಳು,
ಜಡೆ ಬಿಚ್ಚಿ ಪಿನ್ನೆಲ್ಲ ತೆಗೆದಿಟ್ಟಳು.
ಈಗ ಅರವತ್ತನಾಲ್ಕು ಒಂಬೈನೂರ ನಲವತ್ತು.
ದೇಶ ತೀರ್ಮಾನವಾಗದೆ ತೂಕ ಬರೆಯುವಂತಿಲ್ಲ,
ತೂಕ ಬರೆಯದೆ ನೀರು ಕುಡಿಯುವಂತಿಲ್ಲ,
ತಕ್ಕಡಿ ಮುಚ್ಚುವುದು ಆರಕ್ಕೆ.
ಬಾಟಲಿ ಮಡಿಲಲ್ಲಿಟ್ಟು ಕೂತಿದ್ದಾಳೆ,
ಮುಚ್ಚಳ ಸಡಿಲಿಸುತ್ತ, ಬಿಗಿಯುತ್ತ.

ಇಬ್ಬರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ,
ಎಷ್ಟು ಬಡವಾಯ್ತು, ನನಗೆ ಗ್ರಾಮಿನಲ್ಲಿ ಗೊತ್ತು.

ಒಂದು ಪಾರ್ಸೆಲಿಗೆ ಇಬ್ಬರು ವಾರಸುದಾರರು ಬಂದರೆ
ಹದಿನೈದು ದಿನ ಕಪಾಟಿನಲ್ಲಿಡು,
ನಮ್ಮ ಅಂಚೆಯ ರೂಢಿ.
ಈ ಪಾರ್ಸೆಲಿಗೆ ಬಾಯಿ ಒಣಗುತ್ತದೆ.

ಐದೂ ಐವತ್ತು. ಮೇಲೆ ಕುರ್ಚಿ ಸರಿದ ಸದ್ದು,
ತಿದ್ದುಪಡಿಗೆ ತಿದ್ದುಪಡಿ ಇರಬೇಕು.
ಹತ್ತು, ಎಂದೆ ಕೈಸನ್ನೆಯಲ್ಲಿ.
ಹತ್ತಿದಳು, ಉಸಿರು ಹಿಡಿದು,
ಉಸಿರಿಗೂ ತೂಕವಿದೆಯೆಂಬಂತೆ.
ಬರೆದೆ. ದೇಶದ ಕಲಮು ಖಾಲಿ ಬಿಡಕೂಡದು,
ಅವಳು ಬಸ್ಸು ಹತ್ತಿದ ಊರು ಬರೆದೆ: ಸೊರೋಕಾ.
ಕುಡಿ, ಎಂದೆ ಪೋಲಿಷಿನಲ್ಲಿ. ಅರ್ಥವಾಯಿತು.

ನಾಳೆ ನನ್ನನ್ನೂ ಕರೆಸುತ್ತಾರೆ, ಭೂಗೋಳದ ಕೋಣೆಗೆ.
ಅವಳ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.
ಅರ್ಧ ಲೀಟರು, ಅರ್ಧ ಕಿಲೋ
ಅಂದುಕೊಂಡು
ತಕ್ಕಡಿಯ ಪ್ಲಗ್ಗು ಕಿತ್ತೆ.